ಹೊರದೇಶದ ಫೋನಿಗೆ ನಮ್ಮ ಸಿಮ್ ಹಾಕುವಾಗ ನಾನು ಓದುವ ಅಕ್ಷರಗಳು

ದುಬೈಯಿಂದಲೋ ಅಮೆರಿಕದಿಂದಲೋ ಮಗ ಕಳಿಸಿದ ಫೋನು ಅಂಗಡಿಗೆ ಬಂದರೆ ನಾನು ಮೊದಲು ಕ್ಯಾಮೆರಾ ನೋಡುವುದಿಲ್ಲ, *#06# ಒತ್ತುತ್ತೇನೆ. 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು. ಮೊದಲ 8 ಅಂಕಿ ಮಾಡೆಲ್ಲಿನದು, ಮುಂದಿನ 6 ಆ ಫೋನಿನ ಕ್ರಮಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಡಬ್ಬಿಯ ಮೇಲಿನ ಸ್ಟಿಕ್ಕರಿನಲ್ಲೂ ಇದೇ ಇರಬೇಕು. ಸೆಕೆಂಡ್ ಹ್ಯಾಂಡ್ ಆದರೆ ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಐಎಂಇಐ ಸೇರಿಸಿ 14422ಕ್ಕೆ ಮೆಸೇಜ್ ಕಳಿಸುತ್ತೇನೆ. ಬ್ಲ್ಯಾಕ್‌ಲಿಸ್ಟ್, ಡುಪ್ಲಿಕೇಟ್ ಎಂದು ಉತ್ತರ ಬಂದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಆಮೇಲೆ ಲಾಕ್. ಅಮೆರಿಕದಲ್ಲಿ ಕಂತಿನ ಮೇಲೆ ಕೊಂಡ ಫೋನು ಅಲ್ಲಿನ ಕಂಪನಿಯ ಸಿಮ್ಮಿಗೇ ಕಟ್ಟಿಬಿದ್ದಿರಬಹುದು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋದರೆ ಕ್ಯಾರಿಯರ್ ಲಾಕ್ ಎದುರು 'ನೋ ಸಿಮ್ ರೆಸ್ಟ್ರಿಕ್ಷನ್ಸ್' ಎಂದಿರಬೇಕು. ಇಲ್ಲದಿದ್ದರೆ ಆ ಕಂಪನಿಯೇ ಬಿಡಿಸಬೇಕು, ನನ್ನ ಕೈಯಲ್ಲಿಲ್ಲ. ಇನ್ನೊಂದು: 2022ರ ಐಫೋನ್ 14ರಲ್ಲಿ ಅಮೆರಿಕದ ಮಾಡೆಲ್ಲಿಗೆ ಸಿಮ್ ತಟ್ಟೆಯೇ ಇಲ್ಲ, ಫೋನಿನೊಳಗೇ ಕೂತ ಇ-ಸಿಮ್ ಮಾತ್ರ. ಪಿನ್ನು ಹಿಡಿದುಕೊಂಡು ತೂತು ಹುಡುಕಬೇಡಿ.

ನಿಜವಾದ ತಕರಾರು ಇರುವುದು ಬ್ಯಾಂಡಿನಲ್ಲಿ, ಅಂದರೆ ಸಿಗ್ನಲ್ ಸಾಗುವ ಅಲೆಗಳ ಗುಂಪಿನಲ್ಲಿ. 4ಜಿ ಅಂದರೆ ಎಲ್ಲ ಕಡೆ ಒಂದೇ 4ಜಿ ಅಲ್ಲ. ಜಿಯೋ 4ಜಿ ಓಡುವುದು ಬ್ಯಾಂಡ್ 3 (1800), ಬ್ಯಾಂಡ್ 5 (850), ಬ್ಯಾಂಡ್ 40 (2300 ಮೆಗಾಹರ್ಟ್ಸ್) ಮೇಲೆ. ಅಮೆರಿಕಕ್ಕೆಂದೇ ಮಾಡಿದ ಕೆಲವು ಫೋನುಗಳಲ್ಲಿ 5 ಇರುತ್ತದೆ, 40 ಇರುವುದಿಲ್ಲ. ಆಗ "ಅಣ್ಣಾ, ಕಡ್ಡಿ ಫುಲ್ ಇದೆ, ನೆಟ್ಟೇ ಓಡಲ್ಲ" ಅನ್ನುವ ದೂರು ಬರುತ್ತದೆ. 850ರ ಅಲೆ ದೂರ ಹೋಗುತ್ತದೆ, ಗೋಡೆಯೊಳಗೂ ನುಗ್ಗುತ್ತದೆ. ಆದರೆ ಅದು ಕಿರಿದಾದ ರಸ್ತೆ. ಸಾಗಾಟಕ್ಕೆ ಅಗಲ ರಸ್ತೆ 2300ರದು. ಆದ್ದರಿಂದ ಮಾಡೆಲ್ ಹೆಸರಲ್ಲ, ಅಬೌಟ್ ಫೋನ್‌ನಲ್ಲಿರುವ ಮಾಡೆಲ್ ನಂಬರ್ ಹಿಡಿದು ಬ್ಯಾಂಡ್ ಪಟ್ಟಿ ನೋಡಿ. 5ಜಿಗೂ ಇದೇ ಮಾತು: ಎನ್78 ಎಂಬ ಬ್ಯಾಂಡ್ ಇಲ್ಲದ ಫೋನು ಇಲ್ಲಿ ಹೆಸರಿಗಷ್ಟೇ 5ಜಿ.

ವೋಲ್ಟಿ ಎಂದರೆ 4ಜಿ ಮೇಲೆಯೇ ಮಾತು ಸಾಗಿಸುವುದು. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ವೋಲ್ಟಿ ಇಲ್ಲದಿದ್ದರೆ ನೆಟ್ ಬಂದೀತು, ಕರೆ ಹೋಗದು. ಏರ್‌ಟೆಲ್ಲಿಗೆ 2ಜಿ ಇರುವುದರಿಂದ ಕರೆ ಅದಕ್ಕೆ ಜಾರುತ್ತದೆ: ರಿಂಗಾದ ಕೂಡಲೇ ಮೇಲಿನ 4ಜಿ ಮಾಯವಾಗಿ 2ಜಿಯ ಗುರುತಾದ 'ಇ' ಬಂದರೆ, ಮಾತು ಮುಗಿಯುವ ತನಕ ನೆಟ್ ಸತ್ತಂತೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ 4ಜಿ ಕಾಲಿಂಗ್ ಆನ್ ಮಾಡಿ. ಆ ಗುಂಡಿಯೇ ಕಾಣದಿದ್ದರೆ ಫೋನು ತಯಾರಿಸಿದವರು ನಮ್ಮ ಕಂಪನಿಗಳ ಪ್ರೊಫೈಲ್ ಕೊಟ್ಟಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ನೋಡುವುದೊಂದೇ ದಾರಿ.

ಕಡ್ಡಿಗಳನ್ನು ನಾನು ನಂಬುವುದಿಲ್ಲ, ಸಿಗ್ನಲ್ಲಿನ ಶಕ್ತಿ ಅಳೆಯುವ ಡಿಬಿಎಂ ನೋಡುತ್ತೇನೆ. ಹಲವು ಆಂಡ್ರಾಯ್ಡ್‌ಗಳಲ್ಲಿ *#*#4636#*#* ಒತ್ತಿ ಫೋನ್ ಇನ್ಫರ್ಮೇಶನ್ ತೆರೆದರೆ ಸಿಗುತ್ತದೆ. ತೆರೆಯದಿದ್ದರೆ ಅಬೌಟ್ ಫೋನ್, ಸ್ಟೇಟಸ್, ಸಿಮ್ ಸ್ಟೇಟಸ್. '-97 ಡಿಬಿಎಂ 43 ಎಎಸ್‌ಯು' ಎಂದಿದ್ದರೆ ಎರಡೂ ಒಂದೇ ಅಳತೆ, 4ಜಿಯಲ್ಲಿ ಡಿಬಿಎಂಗೆ 140 ಕೂಡಿಸಿದರೆ ಎಎಸ್‌ಯು. ಮೈನಸ್ ಕಂಡು ಹೆದರಬೇಡಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -85 ಚೆನ್ನ, -105ರಲ್ಲಿ ಮಾತಿಗೆ ಅಡ್ಡಿಯಿಲ್ಲ, -115 ದಾಟಿದರೆ ಮಾತು ತುಂಡುತುಂಡು. ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಮಲೆನಾಡಿನ ಮನೆಯ ಒಳಕೋಣೆಯಲ್ಲಿ -118 ಇದ್ದು ಜಗಲಿಗೆ ಬಂದಾಗ -104 ಆದರೆ, ಹದಿನೈದು ಹೆಜ್ಜೆಗೆ ಸಿಗ್ನಲ್ ಇಪ್ಪತ್ತೈದು ಪಟ್ಟು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿಕೊಡುತ್ತೇನೆ, ಜಗಲಿಗೆ ಓಡುವುದು ತಪ್ಪುತ್ತದೆ.

ಕರೆ ಹೋಗುತ್ತದೆ, ನೆಟ್ ಮಾತ್ರ ಇಲ್ಲ ಎಂದಾದರೆ ಎಪಿಎನ್, ಅಂದರೆ ಫೋನನ್ನು ಕಂಪನಿಯ ನೆಟ್‌ಗೆ ಸೇರಿಸುವ ಹೆಸರು, ನೋಡಿ. ಹಳೆಯ ದೇಶದ ಎಪಿಎನ್ ಉಳಿದುಕೊಂಡಿರುತ್ತದೆ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಇಂಗ್ಲಿಷಿನ ಸಣ್ಣಕ್ಷರ, ನಡುವೆ ಜಾಗ ಬೇಡ. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ. ಸೇವ್ ಒತ್ತದೆ ಹಿಂದೆ ಬರುವವರೇ ಹೆಚ್ಚು.

ಇಷ್ಟೆಲ್ಲ ತಡಕಾಡುವಾಗ ಸಿಮ್ ಪಿನ್ ಕೇಳಿದರೆ ಊಹಿಸಿ ಒತ್ತಬೇಡಿ. 3 ಸಲ ತಪ್ಪಿದರೆ ಸಿಮ್ಮಿನ ಬೀಗ ತೆಗೆಯುವ 8 ಅಂಕಿಯ ಪಿಯುಕೆ ಕೇಳುತ್ತದೆ; ಅದು ಸಿಮ್ ಬಂದ ಕಾರ್ಡಿನ ಮೇಲಿರುತ್ತದೆ, ಇಲ್ಲವೇ ಕಸ್ಟಮರ್ ಕೇರ್ ಹೇಳುತ್ತಾರೆ. ಅದನ್ನೂ 10 ಸಲ ತಪ್ಪಿದರೆ ಹೊಸ ಸಿಮ್ಮೇ ಗತಿ. ಹೊಸದು ಚಾಲೂ ಆದ ಮೇಲೆ 24 ಗಂಟೆ ಮೆಸೇಜ್ ಬಂದ್, ಅಂದರೆ ಒಟಿಪಿಯೂ ಬರುವುದಿಲ್ಲ. ಆ ದಿನ ಬ್ಯಾಂಕಿನ ಕೆಲಸ ಇಟ್ಟುಕೊಳ್ಳಬೇಡಿ.