ಕ್ರೌನ್‌ಗೂ ಪಿನಿಯನ್‌ಗೂ ನಡುವೆ ಒಂದು ಹಾಳೆಯಷ್ಟು ಜಾಗ

ಕಳೆದ ಬೇಸಿಗೆಯಲ್ಲಿ ಗೆಳೆಯನೊಬ್ಬ ತನ್ನ 1995ರ ಮಾಜ್ದಾ ಮಿಯಾಟಾ ಕಾರು ತಂದು ನಮ್ಮ ಮನೆ ಮುಂದೆ ನಿಲ್ಲಿಸಿದ. ಕಾರು ಬೀದಿ ತುದಿಯಲ್ಲಿ ಇರುವಾಗಲೇ ವಿಷಯ ಗೊತ್ತಾಗಿತ್ತು. ಹಿಂದಿನ ಚಕ್ರಗಳ ನಡುವಿನಿಂದ ಊಳಿಡುವ ಸದ್ದು. ಡಿಫರೆನ್ಷಿಯಲ್ ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ. ಲಿಮಿಟೆಡ್ ಸ್ಲಿಪ್ ಬಗೆಯದನ್ನು ಹಾಕಿಸಿ ಹದಿನೈದು ದಿನವೂ ಆಗಿರಲಿಲ್ಲ. ಹೀಗೆ ಊಳಿಡುವ ಡಿಫರೆನ್ಷಿಯಲ್ ನಾನು ಕಂಡಿದ್ದು ಅದು ಮೂರನೆಯದು. ಮೂರರಲ್ಲೂ ಎಡವಿದ್ದು ಒಂದೇ ಜಾಗದಲ್ಲಿ. ಅದಕ್ಕೇ ಈ ಲೇಖನ.

ನಮ್ಮೂರಲ್ಲಿ ಮಾಜ್ದಾ ಅಂದರೆ ಸ್ವರಾಜ್ ಮಾಜ್ದಾ ವ್ಯಾನು. ಇಲ್ಲಿ ಅಮೆರಿಕದಲ್ಲಿ ಮಾಜ್ದಾ ಅಂದರೆ ಮೊದಲು ನೆನಪಾಗುವುದು ಈ ಎರಡು ಸೀಟಿನ ಪುಟ್ಟ ಕಾರು. 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಹುಟ್ಟೂರು ಜಪಾನಿನ ಹಿರೋಷಿಮಾ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ. ಹಾಗಾಗಿ ಡಿಫರೆನ್ಷಿಯಲ್ ಬದಲಿಸಿದರೆ ಕಾರಿನ ಗುಣವೇ ಬದಲಾಗುತ್ತದೆ.

ಲಿಮಿಟೆಡ್ ಸ್ಲಿಪ್ ಮಾಡುವ ಕೆಲಸ ಏನು? ಗದ್ದೆ ಕೆಸರಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡದ್ದು ನೋಡಿದ್ದೀರಲ್ವಾ? ಒಂದು ಚಕ್ರ ಗಿರಗಿರ ತಿರುಗಿ ಕೆಸರು ಎರಚುತ್ತದೆ, ಇನ್ನೊಂದು ಸುಮ್ನೆ ನಿಂತಿರುತ್ತದೆ. ಡ್ರೈವರ್ ಡಿಫರೆನ್ಷಿಯಲ್ ಲಾಕ್ ಪೆಡಲ್ ಒತ್ತಿದ ಮೇಲೆ ಎರಡೂ ಒಟ್ಟಿಗೆ ತಿರುಗಿ ಟ್ರ್ಯಾಕ್ಟರ್ ಮೇಲೆ ಬರುತ್ತದೆ. ಸ್ಪೋರ್ಟ್ಸ್ ಕಾರು ತಿರುವಿನಿಂದ ಜೋರಾಗಿ ಹೊರಬರುವಾಗಲೂ ಹಾಗೇ. ಭಾರವೆಲ್ಲ ಹೊರಗಿನ ಚಕ್ರಕ್ಕೆ ವಾಲಿ, ಒಳಗಿನದು ಹಗುರಾಗಿ ಸುಮ್ಮನೆ ಸುತ್ತುತ್ತದೆ. ಆದರೆ ಟ್ರ್ಯಾಕ್ಟರಿನ ಹಾಗೆ ಪೂರ್ತಿ ಲಾಕ್ ಮಾಡಿದರೆ ಕಾರು ಸಲೀಸಾಗಿ ತಿರುಗುವುದಿಲ್ಲ. ಬೇಕಿರುವುದು ಅರ್ಧ ಲಾಕ್. ಅದನ್ನು ಕೊಡುವುದೇ ಲಿಮಿಟೆಡ್ ಸ್ಲಿಪ್.

ಯಾವುದನ್ನು ಕೊಳ್ಳುವುದು? ರಸ್ತೆಗೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಓಡಿಸುವವರು ಟಾರ್ಸನ್ ಅನ್ನುವ ಬಗೆಯದನ್ನು ತಗೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬರೀ ಗೇರುಗಳ ಕೆಲಸ, ಸವೆಯುವ ಪ್ಲೇಟು ಇಲ್ಲ, ಸದ್ದಿಲ್ಲ. ಕ್ಲಚ್ ಪ್ಲೇಟಿನದು ರೇಸಿಗೆ ಸರಿ. ಅಂಗಡಿಗೆ ಹಾಲು ತರಲು ಹೋದಾಗಲೂ ಪ್ರತಿ ತಿರುವಿನಲ್ಲಿ ಕಟಕಟ ಅನ್ನುತ್ತದೆ. ಹಳೆಯ 1.6 ಲೀಟರ್ ಕಾರುಗಳಲ್ಲಿ ಬರುತ್ತಿದ್ದ ವಿಸ್ಕಸ್ ಬಗೆಯದನ್ನು ಯಾರಾದರೂ ಬಿಟ್ಟಿ ಕೊಟ್ಟರೂ ಬೇಡ. ಅದರೊಳಗಿನ ಸಿಲಿಕೋನ್ ದ್ರವಕ್ಕೆ ಮೂವತ್ತು ವರ್ಷ ದಾಟಿದೆ. ಗೇರುಗಳನ್ನು ವೆಲ್ಡ್ ಮಾಡಿ ಲಾಕ್ ಮಾಡುವ ಪುಕ್ಕಟೆ ಉಪಾಯವೂ ಒಂದಿದೆ. ಅಂಥ ಕಾರನ್ನು ಮಳೆಯಲ್ಲಿ ಒಮ್ಮೆ ಓಡಿಸಿ, ಮತ್ತೆ ಕೇಳುವುದಿಲ್ಲ.

ಇನ್ನೊಂದು ವಿಷಯ. 1.6ರ ಕಾರಿನಲ್ಲಿ ಕ್ರೌನ್ ಗೇರ್, ಅಂದರೆ ಡಿಫರೆನ್ಷಿಯಲ್ ಒಳಗಿನ ದೊಡ್ಡ ಗೇರ್, 6 ಇಂಚು, 1994ರಿಂದ ಬಂದ 1.8ರಲ್ಲಿ 7 ಇಂಚು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. 1.6 ಇದ್ದವರು ಡಿಫರೆನ್ಷಿಯಲ್ ಜೊತೆಗೆ 1.8ರ ಪ್ರೊಪೆಲ್ಲರ್ ಶಾಫ್ಟ್, ಎರಡೂ ಆಕ್ಸಲ್ ಸೇರಿಸಿಯೇ ತರಬೇಕು. ಇದು ಗೊತ್ತಿಲ್ಲದೆ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಗ್ಯಾರೇಜಿನ ಮೂಲೆಯಲ್ಲಿ ಇಟ್ಟುಕೊಂಡವರು ಬೇಕಾದಷ್ಟು ಜನ.

ಹಂತ 1: ಇಳಿಸುವುದು

ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸೈಲೆನ್ಸರ್ ಪೈಪು, ಶಾಫ್ಟ್, ಆಕ್ಸಲ್ ಬಿಚ್ಚಿ ಡಿಫರೆನ್ಷಿಯಲ್ ಇಳಿಸಿ. ಎರಡೇ ಎಚ್ಚರಿಕೆ. ಹಳೆಯ ಎಣ್ಣೆ ಹೊರಗೆ ಸುರಿಸುವ ಮೊದಲು ತುಂಬಿಸುವ ಬೋಲ್ಟ್ ಬಿಚ್ಚಿಕೊಳ್ಳುತ್ತದೋ ಇಲ್ಲವೋ ನೋಡಿ. ಅದು ಹಿಡಿದುಕೊಂಡಿದ್ದರೆ ಖಾಲಿ ಡಿಫರೆನ್ಷಿಯಲ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಆಮೇಲೆ, ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ನಡುವೆ ಉದ್ದದ ಅಲ್ಯೂಮಿನಿಯಂ ತೊಲೆ ಇದೆ. ಅದನ್ನು ಬಿಚ್ಚುವ ಮೊದಲು ಗೇರ್‌ಬಾಕ್ಸ್ ಕೆಳಗೆ ಜಾಕ್ ಕೊಡಿ, ಇಲ್ಲದಿದ್ದರೆ ಅದರ ಹಿಂಭಾಗ ಜೋತುಬೀಳುತ್ತದೆ.

ಹಂತ 2: ಎಲ್ಲರೂ ಎಡವುವ ಜಾಗ

ಹೌಸಿಂಗ್ (ಡಿಫರೆನ್ಷಿಯಲ್ಲಿನ ಹೊರ ಪೆಟ್ಟಿಗೆ) ತೆರೆದ ತಕ್ಷಣ ಏನನ್ನೂ ಬಿಚ್ಚಬೇಡಿ. ಮೊದಲು ಡಯಲ್ ಗೇಜ್ ಇಟ್ಟು ಈಗಿರುವ ಪ್ಲೇ ಅಳೆಯಿರಿ. ಪ್ಲೇ ಅಂದರೆ ಪಿನಿಯನ್, ಅಂದರೆ ಕ್ರೌನ್ ಅನ್ನು ತಿರುಗಿಸುವ ಸಣ್ಣ ಗೇರು, ಅಲುಗದಂತೆ ಹಿಡಿದು ಕ್ರೌನ್ ಅನ್ನು ಹಿಂದೆ ಮುಂದೆ ಆಡಿಸಿದಾಗ ಅದು ಎಷ್ಟು ಕದಲುತ್ತದೆ ಅನ್ನುವುದು. ಗೇಜಿನ ಮೊನೆ ಹಲ್ಲಿಗೆ ನೇರವಾಗಿ ತಾಗಬೇಕು, ಓರೆ ಇದ್ದರೆ ಲೆಕ್ಕ ಸುಳ್ಳು. ಹಲ್ಲಿನ ಮೇಲೆ ಹಳೆಯ ತಿಕ್ಕಾಟದ ಗುರುತು ಎಲ್ಲಿದೆ ಅಂತ ಫೋಟೊ ತೆಗೆಯಿರಿ. ಅಷ್ಟು ವರ್ಷ ಸದ್ದಿಲ್ಲದೆ ಓಡಿದ ಗೇರು ಅದು. ಅದನ್ನು ಮತ್ತೆ ಅದೇ ಜಾಗಕ್ಕೆ ತರುವುದೇ ನಿಮ್ಮ ಕೆಲಸ.

ಬೇರಿಂಗ್ ಮೇಲಿನ ಎರಡು ಕ್ಯಾಪ್‌ಗಳು ನೋಡಲು ಅವಳಿ. ಆದರೆ ಎಡದ್ದು ಬಲಕ್ಕೆ ಆಗುವುದಿಲ್ಲ. ಪಂಚ್‌ನಿಂದ ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು ಚುಕ್ಕೆ ಹೊಡೆದು ಆಮೇಲೆ ಬಿಚ್ಚಿ.

ಕ್ರೌನ್ ಗೇರನ್ನು ಹೊಸ ಟಾರ್ಸನ್ ಮೇಲೆ ಕೂರಿಸುವ ಮೊದಲು ಕೂರುವ ಮುಖವನ್ನು ಬೆರಳಿನಿಂದ ಸವರಿ ನೋಡಿ. ಒಂದು ಕಣ ಕಸ ಅಥವಾ ಲೋಹದ ಸಣ್ಣ ಮುಳ್ಳು ಉಳಿದರೂ ಗೇರು ಓಲಾಡುತ್ತದೆ. ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಟೈಟ್ ಮಾಡಿ. ಬೇರಿಂಗ್ ಹೊಸದೇ ಹಾಕಿ. ಪ್ರೆಸ್‌ನಲ್ಲಿ ಕೂರಿಸಿ, ಸುತ್ತಿಗೆ ಮುಟ್ಟಬೇಡಿ. ಹಳೆಯದನ್ನೇ ಕಿತ್ತು ಮತ್ತೆ ಹಾಕಿ ಇಷ್ಟು ಉಳಿಸಿದೆ ಅನ್ನುವವರ ಕಾರೇ ಆಮೇಲೆ ಊಳಿಡುವುದು.

ಈಗ ಹೊಂದಾಣಿಕೆ. ಎರಡೂ ಬದಿಯಲ್ಲಿ ಬೋಲ್ಟಿನ ಹಾಗೆ ಮರೆ (ಥ್ರೆಡ್) ಇರುವ ಅಡ್ಜಸ್ಟರ್ ಬಳೆಗಳಿವೆ. ಒಂದನ್ನು ಒಂದು ಕಚ್ಚು ಸಡಿಲಿಸಿ ಇನ್ನೊಂದನ್ನು ಒಂದು ಕಚ್ಚು ಬಿಗಿ ಮಾಡಿದರೆ ಕ್ರೌನ್ ಪಕ್ಕಕ್ಕೆ ಸರಿಯುತ್ತದೆ. ಈ ಗೇರಿಗೆ ಬೇಕಾದ ಪ್ಲೇ ಸುಮಾರು 0.1 ಮಿ.ಮೀ. ನೋಟ್ ಪುಸ್ತಕದ ಒಂದು ಹಾಳೆಯ ದಪ್ಪ ಅನ್ನಿ. ಒಂದೇ ಕಡೆ ಅಳೆದು ಎದ್ದು ಬಿಡಬೇಡಿ. ಗೇರ್ ತಿರುಗಿಸುತ್ತಾ ನಾಲ್ಕು ಕಡೆಯಾದರೂ ಅಳೆಯಿರಿ. ನಾಲ್ಕೂ ಬೇರೆ ಬೇರೆ ಬಂದರೆ ಕಸ ಉಳಿದಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಕೂರಿಸಿ. ಕೊನೆಯ ತಿರುವು ಯಾವಾಗಲೂ ಬಿಗಿಯುವ ಕಡೆಗೇ ಇರಲಿ. ಸಡಿಲಿಸಿ ನಿಲ್ಲಿಸಿದರೆ ಬೇರಿಂಗಿನ ಹಿಂದೆ ಸಂದು ಉಳಿದು, ಆಮೇಲೆ ತಾನಾಗಿ ಸರಿಯುತ್ತದೆ.

ಇಷ್ಟಾದ ಮೇಲೆ ಬೇರಿಂಗಿಗೆ ಬಿಗಿ ಕೊಡಲು ಎರಡೂ ಅಡ್ಜಸ್ಟರ್ ಒಳಗೆ ತಿರುಗಿಸಬೇಕು, ಕ್ಯಾಪ್ ಬೋಲ್ಟುಗಳನ್ನು ಪೂರ್ತಿ ಟೈಟ್ ಮಾಡಬೇಕು. ಆಗ ಪ್ಲೇ ಮತ್ತೆ ಬದಲಾಗುತ್ತದೆ! ಆ ಮೂರೂ ಕಾರುಗಳಲ್ಲಿ ತಪ್ಪಿದ್ದು ಇಲ್ಲೇ. ಮೊದಲು ಅಳೆದಾಗ ಸರಿ ಇತ್ತು, ಬಿಗಿ ಮಾಡಿದ ಮೇಲೆ ಯಾರೂ ಅಳೆದಿರಲಿಲ್ಲ. ನನಗೆ ಮೊದಲ ಸಲ ಸರಿ ಬರಲು ಒಂಬತ್ತು ಸುತ್ತು ಬೇಕಾಯಿತು. ಮಧ್ಯೆ ಊಟಕ್ಕೆ ಎದ್ದಿದ್ದೆ.

ಕೊನೆಗೆ ನಾಲ್ಕೈದು ಹಲ್ಲಿಗೆ ಗುರುತಿನ ಬಣ್ಣ ಹಚ್ಚಿ, ಕ್ರೌನ್‌ಗೆ ಬಟ್ಟೆಯಿಂದ ಸ್ವಲ್ಪ ತಡೆ ಕೊಟ್ಟು ಎರಡೂ ಕಡೆ ತಿರುಗಿಸಿ. ಗುರುತು ಹಲ್ಲಿನ ನಡುವೆ ಬರಬೇಕು. ಪಿನಿಯನ್ ಮುಟ್ಟಿಲ್ಲವಾದರೆ ಸಾಮಾನ್ಯವಾಗಿ ಬರುತ್ತದೆ. ಹಲ್ಲಿನ ತುದಿಗೋ ಬುಡಕ್ಕೋ ಹೋದರೆ ಅಲ್ಲಿಗೇ ನಿಲ್ಲಿಸಿ ಗೇರ್ ಕೆಲಸದವರ ಕೈಗೆ ಕೊಡಿ.

ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನಿಸಿತಾ? ಹಾಗಿದ್ದರೆ ಗುಜರಿಯಿಂದ ಟಾರ್ಸನ್ ಇರುವ ಇಡೀ 1.8 ಡಿಫರೆನ್ಷಿಯಲ್ ತಂದು, ಹೌಸಿಂಗ್ ತೆರೆಯದೆ ಹಾಗೇ ಏರಿಸಿ. ನಾಚಿಕೆ ಪಡುವಂಥದ್ದೇನಿಲ್ಲ.

ಹಂತ 3: ಏರಿಸಿ, ಎಣ್ಣೆ ಹಾಕಿ

ಜಿಎಲ್-5 ದರ್ಜೆಯ ಗೇರ್ ಎಣ್ಣೆ, ತುಂಬಿಸುವ ತೂತಿನಿಂದ ತೊಟ್ಟಿಕ್ಕುವವರೆಗೆ. ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಗೇರ್ ಸದ್ದು ನಿಲ್ಲಿಸುತ್ತದೆ ಅಂತ ಮಾರುವ ಸಣ್ಣ ಬಾಟಲಿಗಳಿಗೆ ದುಡ್ಡು ಹಾಕಬೇಡಿ. ಕ್ಲಚ್ ಪ್ಲೇಟಿನದಾದರೆ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿ, ಖಾಲಿ ಮೈದಾನದಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಸುತ್ತು ಹೊಡೆದು, ಆ ಎಣ್ಣೆ ಚೆಲ್ಲಿ ಹೊಸದು ಹಾಕಿ. ಮತ್ತೊಂದು: ಒಂದೇ ಚಕ್ರ ಜಾಕ್ ಮೇಲೆ ಎತ್ತಿ, ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಪರೀಕ್ಷೆ ಮಾಡಬೇಡಿ. ನೆಲದ ಮೇಲಿನ ಚಕ್ರ ಎಳೆದು ಕಾರು ಜಾಕಿನಿಂದ ಹಾರುತ್ತದೆ.

ಓಡಿಸಿದಾಗ ಏನು ಬದಲಾಗುತ್ತದೆ

ಎರಡನೇ ಗೇರಿನ ತಿರುವಿನಲ್ಲಿ ಹೊರಬರುವಾಗ ಆಕ್ಸಿಲರೇಟರ್ ಒತ್ತಿ ನೋಡಿ. ಮೊದಲು ಎಂಜಿನ್ ಕಿರುಚುತ್ತಿತ್ತು, ಕಾರು ಹೋಗುತ್ತಿರಲಿಲ್ಲ. ಈಗ ಹೊರಗಿನ ಚಕ್ರ ಒದ್ದು ಮೂತಿಯನ್ನು ತಿರುವಿನೊಳಕ್ಕೆ ತಳ್ಳುತ್ತದೆ. ಇನ್ನೂ ಒತ್ತಿದರೆ ಎರಡೂ ಚಕ್ರ ಒಟ್ಟಿಗೆ ಜಾರಿ ಬಾಲ ಹೊರಕ್ಕೆ ಬರುತ್ತದೆ. ಹಳೆಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಜಾರಿದರೂ ಇನ್ನೊಂದು ಕಾರನ್ನು ಹಿಡಿದಿಡುತ್ತಿತ್ತು, ಅಲ್ವಾ? ಆ ಕಾವಲು ಈಗಿಲ್ಲ. ಮಳೆಯಲ್ಲಿ ಮೊದಲ ವಾರ ಬಲಗಾಲು ಹಗುರ ಇರಲಿ.

ಕ್ಲಚ್ ಬಗೆಯ ಟೂ-ವೇ ಹಾಕಿದವರಿಗೆ ತಿರುವಿನ ಒಳಗೆ ಹೋಗುವಾಗಲೇ ಕಾರು ನೇರಕ್ಕೆ ತಳ್ಳಿದಂತೆ ಆಗುತ್ತದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗಲೂ ಅದು ಬಿಗಿದುಕೊಂಡಿರುವುದೇ ಕಾರಣ. ಟಾರ್ಸನ್‌ಗೆ ಬೇರೆ ಕೊರತೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಅದು ಮಾಮೂಲಿ ಡಿಫರೆನ್ಷಿಯಲ್ಲೇ. ಹಿಂದೆ ದಪ್ಪ ಆ್ಯಂಟಿರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಕಂಬಿ) ಹಾಕಿಸಿದ್ದರೆ ತಿರುವಿನಲ್ಲಿ ಒಳಚಕ್ರ ಏಳುತ್ತದೆ, ಹಾಕಿದ ದುಡ್ಡು ದಂಡ. ಹಳೆಯ ತೆಳು ಬಾರ್ ವಾಪಸ್ ಹಾಕಿ. ನನ್ನ ಗೆಳೆಯನ ಕಾರಿನಲ್ಲಿ ಬೇರಿಂಗ್ ಬದಲಿಸಿ ಪ್ಲೇ ಸರಿ ಮಾಡಿದ ಮೇಲೆ ಸದ್ದು ನಿಂತಿತು. ಬಾರ್ ಮಾತ್ರ ಇನ್ನೂ ದಪ್ಪದ್ದೇ ಇದೆ, ನೋಡಲು ಚೆನ್ನಾಗಿದೆಯಂತೆ.