ಮೊಸಳೆ ಇರುವ ಹೊಳೆಗೆ ಇಳಿಯುವ ಮುನ್ನ

ಕಾಳಿ, ಕೃಷ್ಣಾ, ಕಾವೇರಿಯಲ್ಲಿರುವುದು ಮಗ್ಗರ್ ಜಾತಿಯ ಮೊಸಳೆ. ಅಲಿಗೇಟರ್ ನಮ್ಮ ಹೊಳೆಗಳಲ್ಲಿಲ್ಲ. ಮಗ್ಗರ್ ಊರೊಳಗೆ ಮನುಷ್ಯರನ್ನು ಹುಡುಕಿಕೊಂಡು ಬರುವುದಿಲ್ಲ. ಅಪಾಯವಿರುವುದು ನೀರಂಚಿನಲ್ಲಿ, ಬಟ್ಟೆ ಒಗೆಯಲು, ಕೈಕಾಲು ತೊಳೆಯಲು ಬಗ್ಗಿದಾಗ.

ಮೊದಲು ಐದು ನಿಮಿಷ ನೀರು ನೋಡಿ. ಮೇಲೆ ಕಾಣುವುದು ಕಣ್ಣು, ಮೂಗಿನ ತುದಿ ಮಾತ್ರ, ಥೇಟ್ ತೇಲುವ ಕೊರಡು. ಹರಿವಿನ ಜೊತೆ ಸಾಗದೆ ನಿಂತಿದ್ದರೆ ಅದು ಕೊರಡಲ್ಲ ಎಂದೇ ತಿಳಿಯಿರಿ.

ಬಿಂದಿಗೆಗೆ ಹಗ್ಗ ಕಟ್ಟಿ ಎತ್ತರದ ದಡದಿಂದಲೇ ನೀರು ಸೇದಿ. ದಿನಾ ಒಂದೇ ಜಾಗ ಬೇಡ. ಕೋಳಿ ಕರುಳು, ಮೀನಿನ ಹೊಲಸು ಹೊಳೆಗೆ ಸುರಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೊಸಳೆ ಅಲ್ಲೇ ಕಾಯುವುದನ್ನು ಕಲಿಯುತ್ತದೆ. ಬೇಸಿಗೆಯಲ್ಲಿ ಮರಳು ದಿಬ್ಬ ಹತ್ತಬೇಡಿ, ತಾಯಿ ಮೊಸಳೆ ಮೊಟ್ಟೆ ಕಾಯುತ್ತಿರುತ್ತದೆ.

ಹಿಡಿದರೆ ಕಣ್ಣಿಗೇ ಗುದ್ದಿ. ಗಾಯ ಚಿಕ್ಕದಾದರೂ ಕೂಡಲೇ ಆಸ್ಪತ್ರೆಗೆ ಹೋಗಿ, ನಂಜೇರುತ್ತದೆ.