ಎರಡು ತಾಪಮಾನಗಳ ಅಂತರ ಹಿಡಿದು ಜಲಾಶಯದ ಆಮ್ಲಜನಕ ಕಾಯ್ದುಕೊಂಡ ನನ್ನ ಅನುಭವ

ಆಳವಾದ ಜಲಾಶಯದ ತಳದಲ್ಲಿ ಬೇಸಿಗೆಯುದ್ದಕ್ಕೂ ಕರಗಿದ ಆಮ್ಲಜನಕ ಉಳಿಯಬೇಕಾದರೆ ಭಾರಿ ಯಂತ್ರ ಬೇಕಿಲ್ಲ, ಸಣ್ಣ ಕಂಪ್ರೆಸರ್ ಒಂದನ್ನು ಸಕಾಲದಲ್ಲಿ ಚಾಲೂ ಮಾಡಿದರೆ ಸಾಕು ಎಂದು ನಾನು ಹೇಳಿದಾಗ ಈ ಕೆಲಸ ಬಲ್ಲವರಲ್ಲಿ ಯಾರೂ ಒಪ್ಪಲಿಲ್ಲ. ಆ ಸಕಾಲವನ್ನು ಗುರುತಿಸಲು ಆಮ್ಲಜನಕದ ಮೀಟರ್ ನೋಡುವುದಿಲ್ಲ, ಮೇಲಿನ ಮತ್ತು ತಳದ ನೀರಿನ ತಾಪಮಾನಗಳ ಅಂತರವನ್ನು ಮಾತ್ರ ನೋಡುತ್ತೇನೆ ಎಂದಾಗಲಂತೂ ಅವರ ಸಂದೇಹ ಇನ್ನಷ್ಟು ಬಲವಾಯಿತು. ಹೀಗೆ ನಡೆಸಿ ಈಗ ಕೆಲವು ಬೇಸಿಗೆಗಳು ಕಳೆದಿವೆ, ತಳದ ನೀರು ಒಮ್ಮೆಯೂ ಪೂರ್ತಿ ಉಸಿರುಗಟ್ಟಿಲ್ಲ. ಆದ್ದರಿಂದ ಮಾಡಿದ್ದನ್ನು ಬರೆದಿಡಬಹುದು ಎಂಬ ಧೈರ್ಯ ಬಂದಿದೆ.

ನಾನು ನೋಡಿಕೊಳ್ಳುವ ಜಲಾಶಯದ ಹರವು ಸುಮಾರು 40 ಹೆಕ್ಟೇರ್; ತುಂಬಿದಾಗ ಕಟ್ಟೆಯ ಬಳಿಯ ಆಳ 18 ಮೀಟರಿಗೆ ಹತ್ತಿರ. ಕುಡಿಯುವ ನೀರನ್ನು ತಳಕ್ಕೆ ಸಮೀಪದ ತೂಬಿನಿಂದ ಎತ್ತುತ್ತಾರೆ, ಒಂದು ಪಕ್ಕದಲ್ಲಿ ಪಂಜರದ ಮೀನು ಸಾಕಣೆಯೂ ಇದೆ. ಮೊದಲಿನ ಸ್ಥಿತಿ ಹೀಗಿತ್ತು: ಬೇಸಿಗೆಯ ನಡುವಿನಲ್ಲಿ ಮೇಲಿನ ನೀರು 29 ಅಥವಾ 30 ಡಿಗ್ರಿ, ತಳದ ನೀರು 24 ಡಿಗ್ರಿ. ಮಧ್ಯಾಹ್ನ ಮೇಲ್ಪದರದಲ್ಲಿ ಲೀಟರಿಗೆ 10 ಮಿಲಿಗ್ರಾಂವರೆಗೂ ಆಮ್ಲಜನಕ ಕಾಣುತ್ತಿತ್ತು. ಸಮುದ್ರಮಟ್ಟದಲ್ಲಿ 30 ಡಿಗ್ರಿಯ ಸಿಹಿನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಸುಮಾರು 7.5 ಮಿಲಿಗ್ರಾಂ ಮಾತ್ರ ಎಂಬುದನ್ನು ನೆನೆದರೆ, ಆ ಹೆಚ್ಚುವರಿ ಪಾಚಿಯ ಕೊಡುಗೆಯೆಂದು ಬೇರೆ ಹೇಳಬೇಕಿಲ್ಲ. 7 ಮೀಟರಿನಿಂದ ಕೆಳಗೆ ಅಂಕಿಗಳು ಕುಸಿಯುತ್ತಿದ್ದವು, 9 ಮೀಟರಿನ ಕೆಳಗೆ ಬಹುಮಟ್ಟಿಗೆ ಸೊನ್ನೆ. ತೂಬಿನ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಮೋಡ ಕವಿದು ತಣ್ಣನೆಯ ಮಳೆಗಾಳಿ ಬೀಸಿದ ರಾತ್ರಿಯ ಮರುದಿನ ಪಂಜರದ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು.

ಮೊದಲು ಹಣ ಹೋದದ್ದು ನೀರನ್ನು ಚಿಮ್ಮಿಸುವ ತೇಲು ಏರೇಟರುಗಳ ಮೇಲೆ. ನೋಡಲು ಅವು ಬಹಳ ಚೆನ್ನಾಗಿ ಕೆಲಸ ಮಾಡುವಂತೆ ಕಾಣುತ್ತವೆ, ಆದರೆ ಅವುಗಳ ಪ್ರಭಾವ ಮೇಲಿನ ಎರಡು ಮೂರು ಮೀಟರಿನಾಚೆ ಇಳಿಯುವುದಿಲ್ಲ. ಹಗಲಿನಲ್ಲಿ ಅತಿಪರ್ಯಾಪ್ತವಾಗಿರುವ, ಅಂದರೆ ಗಾಳಿಯಿಂದ ಹಿಡಿಯಬಲ್ಲದ್ದಕ್ಕಿಂತ ಹೆಚ್ಚು ಆಮ್ಲಜನಕ ತುಂಬಿಕೊಂಡಿರುವ ನೀರನ್ನು ಚಿಮ್ಮಿಸಿದರೆ ಇರುವ ಆಮ್ಲಜನಕವೂ ಗಾಳಿಗೆ ಹಾರಿಹೋಗುತ್ತದೆ. ಪಂಜರಗಳ ಸುತ್ತ ರಾತ್ರಿ ವೇಳೆ ತುರ್ತಿಗೆ ಅವು ಆಗುತ್ತವೆ, ತಳಕ್ಕೆ ಏನೂ ಆಗುವುದಿಲ್ಲ. ಎರಡನೆಯ ಪ್ರಯತ್ನಕ್ಕೆ ಅದಕ್ಕಿಂತ ಹೆಚ್ಚು ಹಣ ಹೋಯಿತು. ತಳದಲ್ಲಿ ಗಾಳಿಯನ್ನು ಸೂಕ್ಷ್ಮಗುಳ್ಳೆಗಳಾಗಿ ಬಿಡುವ ಡಿಫ್ಯೂಸರ್ ತಟ್ಟೆಗಳನ್ನು ಹಾಸಿ, ದಡದಲ್ಲಿ ದೊಡ್ಡ ಬ್ಲೋವರ್ ಇಟ್ಟುಕೊಟ್ಟ ಗುತ್ತಿಗೆದಾರರು 15 ಮೀಟರ್ ಆಳಕ್ಕೆ ಗಾಳಿ ಇಳಿಸಲು ನೀರಿನ ಒತ್ತಡವೊಂದೇ ಒಂದೂವರೆ ವಾತಾವರಣದಷ್ಟಾಗುತ್ತದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬ್ಲೋವರ್ ಬಿಸಿಯಾಗಿ ನಿಂತಿತು. ಬದಲಿಗೆ ಬಾಡಿಗೆಯ ಕಂಪ್ರೆಸರ್ ಜೋಡಿಸಿದಾಗ ಗಾಳಿ ಬಂತು, ಆದರೆ ಆ ಹೊತ್ತಿಗೆ ಬೇಸಿಗೆ ಅರ್ಧ ಕಳೆದು, ಮೇಲಿನ ಬಿಸಿನೀರು ಮತ್ತು ತಳದ ತಣ್ಣೀರು ಬೆರೆಯದ ಪದರಗಳಾಗಿ ಗಟ್ಟಿಯಾಗಿದ್ದವು. ತಟ್ಟೆಗಳು ಹೂಳಿನ ಮೇಲೆಯೇ ಕೂತಿದ್ದರಿಂದ ಹೂಳು ಎದ್ದಿತು, ತಳದ ಸತ್ತ ನೀರೆಲ್ಲ ಮೇಲಕ್ಕೆ ಬಂತು, ಮೇಲ್ಪದರದ ಆಮ್ಲಜನಕವೇ ಹಲವು ದಿನ 3 ಮಿಲಿಗ್ರಾಂ ಆಸುಪಾಸಿಗೆ ಇಳಿಯಿತು. ಆ ವರ್ಷದ ಮೀನಿನ ನಷ್ಟ ಯಂತ್ರದ ಬೆಲೆಗಿಂತ ಹೆಚ್ಚಾಯಿತು. ಜಲಾಶಯಕ್ಕೆ ಗಾಳಿ ಹಾಯಿಸುವುದು ಅಪಾಯ ಎಂಬ ಮಾತು ಸುತ್ತಲೂ ಹಬ್ಬಿದ್ದು ಇದರಿಂದಲೇ. ಆ ಮಾತಿನಲ್ಲಿ ಅರ್ಧ ಸತ್ಯವಿದೆ: ತಡವಾಗಿ ಹಾಯಿಸಿದರೆ ನಿಜಕ್ಕೂ ಅಪಾಯ.

ನನ್ನ ವಿಧಾನದ ಬುಡ ಇರುವುದು ನೀರಿನ ಸಾಂದ್ರತೆಯಲ್ಲಿ. 4 ಡಿಗ್ರಿಯಿಂದ 5 ಡಿಗ್ರಿಗೆ ಏರಿದಾಗ ನೀರು ಹಗುರಾಗುವ ಪ್ರಮಾಣ ತೀರ ಸ್ವಲ್ಪ. 29ರಿಂದ 30ಕ್ಕೆ ಏರಿದಾಗ ಅದರ ಮೂವತ್ತೈದು ಪಟ್ಟಿಗೂ ಹೆಚ್ಚು. ಅಂದರೆ ಬೆಚ್ಚಗಿನ ಜಲಾಶಯದಲ್ಲಿ ಮೇಲಿನಿಂದ ಕೆಳಕ್ಕೆ 5 ಡಿಗ್ರಿ ಅಂತರ ಬಿದ್ದರೆ, ತಣ್ಣನೆಯ ಜಲಾಶಯದಲ್ಲಿ ಅಷ್ಟೇ ಅಂತರ ಬಿದ್ದಾಗಿನದಕ್ಕಿಂತ ಏಳು ಪಟ್ಟಿನಷ್ಟು ಗಟ್ಟಿಯಾದ ಮುಚ್ಚಳ ತಳದ ಮೇಲೆ ಕೂತಂತೆ. ಅದನ್ನು ಒಡೆಯಲು ಬೇಕಾದ ಶಕ್ತಿ ದೊಡ್ಡದು, ಕೂರದಂತೆ ತಡೆಯಲು ಬೇಕಾದ ಶಕ್ತಿ ಸಣ್ಣದು. ಆಮ್ಲಜನಕದ ಅಂಕಿ ಕೆಳಗಿಳಿದಾಗ ನಮಗೆ ಸುದ್ದಿ ಸಿಗುತ್ತದೆ ನಿಜ, ಆದರೆ ಆ ವೇಳೆಗೆ ಮುಚ್ಚಳ ಕೂತು ವಾರಗಳೇ ಕಳೆದಿರುತ್ತವೆ. ತಾಪಮಾನದ ಅಂತರ ಅದಕ್ಕಿಂತ ಬಹಳ ಮೊದಲೇ ಹೇಳಿಬಿಡುತ್ತದೆ.

ಹಾಗಾಗಿ ಒಂದು ಹಗ್ಗಕ್ಕೆ ತಾಪಮಾನವನ್ನು ತಾವಾಗಿಯೇ ದಾಖಲಿಸುವ ಲಾಗರುಗಳನ್ನು ಕಟ್ಟಿ, ಕಟ್ಟೆಯ ಮುಂದಿನ ಆಳದ ಜಾಗದಲ್ಲಿ ಇಳಿಬಿಟ್ಟೆ. ತೀರ್ಮಾನಕ್ಕೆ ಬಳಸುವುದು ಎರಡನ್ನೇ: ಮೇಲಿನಿಂದ 1 ಮೀಟರ್ ಕೆಳಗಿನದು, ತಳದಿಂದ 1 ಮೀಟರ್ ಮೇಲಿನದು. ಓದುವುದು ಸೂರ್ಯೋದಯಕ್ಕೆ ಮುಂಚೆ ಮಾತ್ರ, ಏಕೆಂದರೆ ಮಧ್ಯಾಹ್ನದ ಬಿಸಿಲು ಮೇಲಿನ ಒಂದೆರಡು ಮೀಟರಿನಲ್ಲಿ ಹುಟ್ಟಿಸುವ ಅಂತರ ಅದೇ ರಾತ್ರಿ ತಾನಾಗಿ ಅಳಿಯುವಂಥದ್ದು. ಅಗ್ಗದ ಲಾಗರುಗಳಲ್ಲಿ ಅರ್ಧ ಡಿಗ್ರಿ ತಪ್ಪು ಸಾಮಾನ್ಯವಾದ್ದರಿಂದ, ಇಳಿಬಿಡುವ ಮುನ್ನ ಎಲ್ಲವನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ಒಂದು ರಾತ್ರಿ ಇಟ್ಟು ಪರಸ್ಪರ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು. ನಮಗೆ ಬೇಕಿರುವುದು ನಿಖರ ತಾಪಮಾನವಲ್ಲ, ನಿಖರ ಅಂತರ. ಮುಂಜಾನೆಯ ಅಂತರ 1.2 ಡಿಗ್ರಿ ದಾಟಿದರೆ ಆ ರಾತ್ರಿಯಿಂದ ಕಂಪ್ರೆಸರ್ ಚಾಲೂ, ಅರ್ಧ ಡಿಗ್ರಿಗಿಂತ ಕೆಳಗಿಳಿದರೆ ಬಂದ್. ಚಳಿ ಮುಗಿದು ನೀರು ಬಿಸಿಯಾಗತೊಡಗುವ ಮೊದಲ ವಾರಗಳಲ್ಲಿಯೇ, ತಳದಲ್ಲಿ ಇನ್ನೂ 6 ಮಿಲಿಗ್ರಾಂ ಆಮ್ಲಜನಕ ಇರುವಾಗಲೇ, ಗಾಳಿ ಶುರುವಾಗುತ್ತದೆ. ಎಲ್ಲವೂ ಸರಿಯಿರುವಾಗ ವಿದ್ಯುತ್ತನ್ನೇಕೆ ಸುಡುತ್ತೀರಿ ಎಂದು ಕೇಳಿದವರಿಗೆ ಆಗ ಕೊಡಲು ನನ್ನ ಬಳಿ ಲೆಕ್ಕ ಮಾತ್ರ ಇತ್ತು, ಫಲಿತಾಂಶ ಇರಲಿಲ್ಲ.

ರಾತ್ರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ರಾತ್ರಿ ಮೇಲ್ಮೈ ತಣಿದು ಭಾರವಾದ ನೀರು ತಾನಾಗಿಯೇ ಕೆಳಗಿಳಿಯುತ್ತಿರುತ್ತದೆ, ಗುಳ್ಳೆಗಳ ಕಂಬ ಆ ಚಲನೆಗೆ ಕೈಜೋಡಿಸಿದರೆ ಸಾಕು. ಇದೇ ಕಾರಣಕ್ಕೆ ಕಂಪ್ರೆಸರ್ ಚಿಕ್ಕದಾದರೂ ನಡೆಯುತ್ತದೆ. ಪದರ ಒಡೆಯಲು ಪ್ರತಿ ಚದರ ಕಿಲೋಮೀಟರಿಗೆ ನಿಮಿಷಕ್ಕೆ ಸುಮಾರು 9 ಘನ ಮೀಟರ್ ಗಾಳಿ ಬೇಕು ಎಂಬ ಹಳೆಯ ಸೂತ್ರದಂತೆ ನನಗೆ ಮೂರೂವರೆ ಘನ ಮೀಟರಿಗಿಂತ ಹೆಚ್ಚು ಬೇಕಿತ್ತು. ನಾನು ಹಾಕಿದ್ದು ಒಂದೂವರೆ. ವಿದ್ಯುತ್ ಹೊರೆ 10 ಕಿಲೋವ್ಯಾಟ್ ಆಸುಪಾಸು. ಅರ್ಧದಷ್ಟೂ ಇಲ್ಲದ ಗಾಳಿಯಿಂದ ಏನೂ ಆಗದು ಎಂದವರು ಆ ಸೂತ್ರವನ್ನು ಸರಿಯಾಗಿಯೇ ಓದಿದ್ದರು, ಆದರೆ ಅದು ಕೂತ ಪದರವನ್ನು ಒಡೆಯುವವರಿಗೆ ಹೇಳಿದ್ದು.

ಗಾಳಿಯ ಸಾಲನ್ನು, ಅಂದರೆ ಗುಳ್ಳೆ ಬಿಡುವ ಪೈಪನ್ನು, ತಳಕ್ಕೆ ತಾಗಿಸಲಿಲ್ಲ. ಭಾರದ ಕಲ್ಲುಗಳಿಗೆ ಹಗ್ಗ ಕಟ್ಟಿ, ಹೂಳಿನಿಂದ ಒಂದೂವರೆ ಮೀಟರ್ ಮೇಲೆ ತೇಲುವಂತೆ ನಿಲ್ಲಿಸಿದೆ. ದಪ್ಪ ಗೋಡೆಯ ಪಾಲಿಥೀನ್ ಪೈಪಿಗೆ ಸಾದಾ ರಂಧ್ರಗಳು, ಅಷ್ಟೇ. ಸೂಕ್ಷ್ಮಗುಳ್ಳೆಯ ದುಬಾರಿ ತಟ್ಟೆಗಳನ್ನು ಬಿಟ್ಟದ್ದನ್ನು ಅನೇಕರು ಜಿಪುಣತನವೆಂದುಕೊಂಡರು. ಆದರೆ ಈ ವಿಧಾನದಲ್ಲಿ ಆಮ್ಲಜನಕದ ಬಹುಪಾಲು ಬರುವುದು ಗುಳ್ಳೆಯಿಂದಲ್ಲ. ಗುಳ್ಳೆ ನೀರನ್ನು ಮೇಲಕ್ಕೆತ್ತುತ್ತದೆ, ಆ ನೀರು ಮೇಲ್ಮೈಯಲ್ಲಿ ಹರಡಿ ಗಾಳಿಯಿಂದ ತನ್ನ ಪಾಲನ್ನು ಪಡೆದು ಕೆಳಗೆ ಹೋಗುತ್ತದೆ. ಕಂಪ್ರೆಸರಿನಿಂದ ಹೊರಡುವ ಮೊದಲ ಕೆಲವು ಮೀಟರ್ ಲೋಹದ ಪೈಪೇ ಇರಬೇಕು, ಬಿಸಿ ಗಾಳಿಗೆ ಪಾಲಿಥೀನ್ ಮೆತ್ತಗಾಗುತ್ತದೆ. ಎಣ್ಣೆರಹಿತ ಕಂಪ್ರೆಸರನ್ನೇ ಕೊಳ್ಳಿ, ಕುಡಿಯುವ ನೀರಿನ ವಿಷಯದಲ್ಲಿ ಇಲ್ಲಿ ಉಳಿತಾಯ ನೋಡಬಾರದು. ರಂಧ್ರಗಳ ಅಳತೆ, ಅವುಗಳ ನಡುವಿನ ದೂರ, ಸಾಲಿನ ಕೊನೆಯ ತುದಿಗೂ ಸಮನಾಗಿ ಗಾಳಿ ಸಿಗುವಂತೆ ಮಾಡಿದ ಜೋಡಣೆ, ಇವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಬಹಳ ಪೈಪು ಹಾಳುಮಾಡಿದ್ದೇನೆ, ನಿಮ್ಮ ಆಳಕ್ಕೆ ಆ ಅಳತೆ ಹೊಂದುವುದೂ ಇಲ್ಲ.

ತಡವಾಗಿ ಕೈಹಾಕಬೇಕಾಗಿ ಬಂದವರಿಗೂ ದಾರಿಯಿದೆ. ಪದರ ಕೂತ ಮೇಲೆ ಸಾಲನ್ನು ನೇರ ತಳಕ್ಕೆ ಇಳಿಸದೆ, ತಾಪಮಾನ ಥಟ್ಟನೆ ಕುಸಿಯುವ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ ಮಾತ್ರ ನಿಲ್ಲಿಸಿ, ಮೇಲಿನ ಭಾಗ ಬೆರೆತು ಆಮ್ಲಜನಕ ಚೇತರಿಸಿಕೊಂಡ ಮೇಲೆ ಇನ್ನೊಂದು ಮೀಟರ್ ಇಳಿಸುತ್ತ ಹೋಗಬೇಕು. ಪಕ್ಕದ ಕವಲಿನಲ್ಲಿ ಇದನ್ನು ಪ್ರಯೋಗಕ್ಕೆಂದೇ ಮಾಡಿ ನೋಡಿದೆ. ತಿಂಗಳಿಗೂ ಹೆಚ್ಚು ಹಿಡಿಯಿತು, ಮೇಲಿನ ಆಮ್ಲಜನಕ 5 ಮಿಲಿಗ್ರಾಂಗಿಂತ ಕೆಳಗಿಳಿಯಲಿಲ್ಲ.

ಅಳತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆಮ್ಲಜನಕ ಅಳೆಯಲು ನೀರಿಗಿಳಿಸುವ ಪ್ರೋಬುಗಳಲ್ಲಿ, ಪೊರೆಯಿರುವ ಹಳೆಯ ಮಾದರಿಯದು ತಾನೇ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ, ನಿಶ್ಚಲ ತಳದಲ್ಲಿ ಅದನ್ನು ಅಲುಗಾಡಿಸದೆ ಓದಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬೆಳಕಿನ ಆಧಾರದ ಹೊಸ ಪ್ರೋಬಿಗೆ ಆ ಕಾಟವಿಲ್ಲ. ಏನೇ ಇರಲಿ, 1888ರಲ್ಲಿ ರಸಾಯನಶಾಸ್ತ್ರಜ್ಞ ವಿಂಕ್ಲರ್ ಕೊಟ್ಟ, ರಾಸಾಯನಿಕ ಸೇರಿಸಿ ಪ್ರಮಾಣ ಅಳೆಯುವ ಟೈಟ್ರೇಷನ್ ವಿಧಾನದಿಂದ ಆಗಾಗ ತಾಳೆ ನೋಡುತ್ತೇನೆ. ಬಾಟಲಿಗೆ ರಾಸಾಯನಿಕ ಹಾಕಿ ಆಮ್ಲಜನಕವನ್ನು ಬಂಧಿಸುವ ಕೆಲಸ ದೋಣಿಯಲ್ಲೇ ಆಗಬೇಕು, ದಡಕ್ಕೆ ತಂದು ಮಾಡಿದರೆ ಆ ಅಂಕಿಗೆ ಬೆಲೆಯಿಲ್ಲ. ಇನ್ನೊಂದು, ಒಂದೇ ಜಾಗದ ಅಳತೆಯನ್ನು ನಂಬಬೇಡಿ. ಗಾಳಿ ಒಂದೇ ದಿಕ್ಕಿಗೆ ಬಲವಾಗಿ ಬೀಸುತ್ತಿದ್ದರೆ ಮೇಲಿನ ಬಿಸಿನೀರು ಆ ಕೊನೆಗೆ ರಾಶಿಯಾಗುತ್ತದೆ, ಗಾಳಿ ಹೊರಡುವ ಕೊನೆಯಲ್ಲಿ ತಳದ ತಣ್ಣೀರು ಮೇಲೇಳುತ್ತದೆ. ನಮ್ಮ ಪಂಜರಗಳು ಇದ್ದದ್ದು ಸರಿಯಾಗಿ ಆ ಕೊನೆಯಲ್ಲೇ. ಕಟ್ಟೆಯ ಬಳಿ ಅಂಕಿಗಳು ಚೆನ್ನಾಗಿದ್ದ ದಿನವೂ ಪಂಜರದಲ್ಲಿ ಮೀನು ಏಕೆ ಏದುಸಿರು ಬಿಡುತ್ತಿತ್ತು ಎಂಬುದು ಎರಡೂ ಕಡೆ ಹಗ್ಗ ಇಳಿಬಿಟ್ಟ ಮೇಲೆಯೇ ಸ್ಪಷ್ಟವಾಯಿತು.

ನೀರಿನ ತಿಳಿತನ ಅಳೆಯುವ ಸೆಕ್ಕಿ ತಟ್ಟೆಯನ್ನೂ ಜೊತೆಗೆ ಇಳಿಸುತ್ತ ಬಂದೆ. ಗಾಳಿ ಹಾಯಿಸುವ ಮುಂಚೆ ಬೇಸಿಗೆಯಲ್ಲಿ ಅದು ಒಂದು ಮೀಟರಿಗೂ ಮೊದಲೇ ಮರೆಯಾಗುತ್ತಿತ್ತು, ಈಗ ಒಂದೂವರೆಯಿಂದ ಎರಡು ಮೀಟರ್. ತೇಲುವ ಗುಣವೇ ಬಲವಾದ ಮೈಕ್ರೋಸಿಸ್ಟಿಸ್ ಪಾಚಿ ಕಡಿಮೆಯಾದದ್ದು ಕಣ್ಣಿಗೇ ಕಾಣುತ್ತದೆ. ನೀರು ಸದಾ ಮೇಲೆ ಕೆಳಗೆ ಆಡುವಾಗ ಅದಕ್ಕೆ ಮೇಲ್ಮೈಯ ಅನುಕೂಲ ಸಿಗುವುದಿಲ್ಲ, ತಳದಲ್ಲಿ ಆಮ್ಲಜನಕ ಇರುವುದರಿಂದ ಪಾಚಿಗೆ ಆಹಾರವಾಗುವ ಹೂಳಿನ ರಂಜಕವೂ ಮೊದಲಿನಷ್ಟು ಹೊರಬರುವುದಿಲ್ಲ. ಇವೆರಡರಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಲು, ಒಂದು ಬೇಸಿಗೆಯ ಕೊನೆಗೆ ಕೆಲಕಾಲ ಬೇಕೆಂದೇ ಗಾಳಿ ನಿಲ್ಲಿಸಿದ್ದೆ. ಒಂದು ವಾರದೊಳಗೆ ಮುಂಜಾನೆಯ ಅಂತರ 2 ಡಿಗ್ರಿ ತಲುಪಿತು, ಹಸಿರು ಕೆನೆ ಮತ್ತೆ ಕಟ್ಟಿತು, ತಳದ ಆಮ್ಲಜನಕ ಮಾತ್ರ ಆಗಲೂ 3 ಮಿಲಿಗ್ರಾಂಗೆ ಮೇಲಿತ್ತು. ಅಂದರೆ ಇಲ್ಲಿ ಚಲನೆಯ ಪಾಲೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಈಗಿನ ಸ್ಥಿತಿಗೆ ಬರುತ್ತೇನೆ. ಕಡು ಬೇಸಿಗೆಯಲ್ಲೂ ತಳದಲ್ಲಿ 4ರಿಂದ 5 ಮಿಲಿಗ್ರಾಂ ನಿಲ್ಲುತ್ತದೆ, ತೀರ ಕೆಟ್ಟ ವಾರದಲ್ಲಿ 3. ತೂಬಿನ ನೀರಿನ ವಾಸನೆ ಹೋಗಿದೆ. ಮ್ಯಾಂಗನೀಸ್ ತೆಗೆಯಲು ಶುದ್ಧೀಕರಣದಲ್ಲಿ ಸುರಿಯುತ್ತಿದ್ದ ಪರ್ಮ್ಯಾಂಗನೇಟಿನ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿದಿದೆ, ಆ ಉಳಿತಾಯವೊಂದೇ ಕಂಪ್ರೆಸರಿನ ವಿದ್ಯುತ್ ಬಿಲ್ಲನ್ನು ತೂಗಿಸುತ್ತದೆ. ಇಡೀ ವ್ಯವಸ್ಥೆಗೆ ಆದ ವೆಚ್ಚ ಮೊದಲ ಎರಡು ಪ್ರಯತ್ನಗಳ ಒಟ್ಟು ವೆಚ್ಚದ ಐದನೇ ಒಂದು ಭಾಗದಷ್ಟು. ಅಂದು ನಂಬದವರಲ್ಲಿ ಇಬ್ಬರು ಈಗ ತಮ್ಮ ಜಲಾಶಯಗಳಲ್ಲಿ ಇದೇ ಹಗ್ಗ, ಇದೇ ಎರಡು ಲಾಗರುಗಳನ್ನು ಇಳಿಬಿಟ್ಟಿದ್ದಾರೆ ಎಂಬುದು ನನಗೆ ಹೆಮ್ಮೆಯ ವಿಷಯ.

ಆದರೆ ಇದು ಎಲ್ಲ ಕಡೆಗೂ ಸಲ್ಲುವ ವಿಧಾನವಲ್ಲ. ಬೆರೆಸಿದ ಮೇಲೆ ತಳದ ನೀರು 24ರ ಬದಲು 27 ಡಿಗ್ರಿ ಆಗುತ್ತದೆ, ಹೂಳಿನ ಆಮ್ಲಜನಕದ ಹಸಿವು ಅದರೊಂದಿಗೆ ಹೆಚ್ಚುತ್ತದೆ. ಬೆಚ್ಚಗಿನ ನೀರಿನ ಮೀನಿಗೆ ಇದರಿಂದ ತೊಂದರೆಯಿಲ್ಲ. ತಣ್ಣೀರಿನ ಮೀನು ಇರುವಲ್ಲಿ, ಅಥವಾ ಕೆಳಗಿನ ನದಿಗೆ ತಣ್ಣೀರನ್ನೇ ಬಿಡಬೇಕಾದಲ್ಲಿ, ತಳದ ತಂಪನ್ನು ಕೆಡಿಸುವಂತೆಯೇ ಇಲ್ಲ. ಕ್ಯಾಲಿಫೋರ್ನಿಯಾದ ಶಾಸ್ತಾ ಅಣೆಕಟ್ಟಿನಲ್ಲಿ ಸಾಲ್ಮನ್ ಮೀನಿಗಾಗಿ ಬೇರೆಬೇರೆ ಆಳದಿಂದ ನೀರು ಆಯ್ದು ಬಿಡುವ ದೊಡ್ಡ ವ್ಯವಸ್ಥೆಯನ್ನೇ 1997ರಲ್ಲಿ ಕಟ್ಟಿ ಮುಗಿಸಿದರು. ಅಂಥ ಕಡೆ ಪದರವನ್ನು ಉಳಿಸಿಕೊಂಡೇ ತಳಕ್ಕೆ ಶುದ್ಧ ಆಮ್ಲಜನಕ ಇಳಿಸುವ ವಿಧಾನವಿದೆ, ಅಲ್ಲಿ ಸೂಕ್ಷ್ಮಗುಳ್ಳೆಗಳೇ ಬೇಕು, ಖರ್ಚೂ ಬೇರೆ ಮಟ್ಟದ್ದು. ತಣ್ಣನೆಯ ತಳಕ್ಕೆ ಬೆರೆಸದೆ ಬರೀ ಗಾಳಿ ತುಂಬಿದರೆ ಒತ್ತಡದಲ್ಲಿ ಸಾರಜನಕವೂ ಹೆಚ್ಚಾಗಿ ಕರಗುತ್ತದೆ. ಕರಗಿದ ಒಟ್ಟು ಅನಿಲ ಶೇಕಡ 110 ದಾಟಿದರೆ ಮೀನಿನ ರಕ್ತದಲ್ಲಿ ಗುಳ್ಳೆ ಕಟ್ಟುವ ಅಪಾಯವಿದೆ.

ಈ ವರ್ಷ ಪಂಜರಗಳಿರುವ ಕೊನೆಗೆ ಎರಡನೆಯ ಸಾಲೊಂದನ್ನು ಅದೇ ಕಂಪ್ರೆಸರಿನಿಂದ ಎಳೆದಿದ್ದೇನೆ. ಗಾಳಿ ಹಂಚಿಹೋಗಿ ಕಟ್ಟೆಯ ಬಳಿಯ ಅಂತರ ಬೆಳೆಯುತ್ತದೆಯೇ ಎಂಬುದನ್ನು ಮುಂಜಾನೆಯ ಅಂಕಿಗಳಲ್ಲಿ ನೋಡುತ್ತಿದ್ದೇನೆ. ಈವರೆಗೆ ಅದು 1 ಡಿಗ್ರಿಯೊಳಗೇ ಇದೆ.